ಯೂರೋಪ್ ಬ್ಯಾಂಡಿನ ಮೊದಲ ಆಲ್ಬಮ್ (1983): 'ಫೈನಲ್ ಕೌಂಟ್‌ಡೌನ್' ಪಕ್ಕಕ್ಕಿಟ್ಟು ಮಾತಾಡೋಣ

ರಘು_ಸ್ಟ್ರಾಟ್

ಸ್ವೀಡನ್ನಿನ ಯೂರೋಪ್ ಬ್ಯಾಂಡ್ ಅಂದ ಕೂಡಲೇ ಎಲ್ಲರೂ ಗುನುಗುವುದು ಒಂದೇ ಕೀಬೋರ್ಡ್ ಟ್ಯೂನ್. 'ದಿ ಫೈನಲ್ ಕೌಂಟ್‌ಡೌನ್'. ಅದು 1986ರದ್ದು. ಅದಕ್ಕೂ ಮೂರು ವರ್ಷ ಮೊದಲೇ, 1983ರಲ್ಲಿ, ಇದೇ ಹುಡುಗರು 'ಯೂರೋಪ್' ಅನ್ನುವ ಹೆಸರಿನಲ್ಲೇ ಮೊದಲ ಆಲ್ಬಮ್ ತಂದಿದ್ದರು. ಒಂಬತ್ತು ಹಾಡು, 40 ನಿಮಿಷದ ಆಸುಪಾಸು. ಈ ಥ್ರೆಡ್ ಅದಕ್ಕಾಗಿಯೇ.

ನಾನು ಹೇಳಬೇಕು ಅಂದುಕೊಂಡಿರುವುದು ಇಷ್ಟು. ಈ ಆಲ್ಬಮ್ಮನ್ನು ಎಲ್ಲರೂ ದೊಡ್ಡ ಹಿಟ್‌ಗೆ ಮೊದಲಿನ ತಾಲೀಮು ಅನ್ನುವ ಹಾಗೆ ನೋಡುತ್ತಾರೆ. ಅದು ಅನ್ಯಾಯ. ಇದು ತನ್ನಷ್ಟಕ್ಕೆ ಪೂರ್ತಿಯಾದ ಗಿಟಾರ್ ಆಲ್ಬಮ್. ಜಾನ್ ನೋರುಮ್ ಗಿಟಾರ್ ಮುಂದೆ, ಜೋಯಿ ಟೆಂಪೆಸ್ಟ್ ಗಂಟಲು ಅದರ ಪಕ್ಕದಲ್ಲೇ, ಜಾನ್ ಲೆವೆನ್ ಬೇಸ್ ಮತ್ತು ಟೋನಿ ರೆನೋ ಡ್ರಮ್ಸ್ ಕೆಳಗಿನಿಂದ ತಳ್ಳುತ್ತವೆ. ನಾಲ್ಕೇ ಜನ. ಕೀಬೋರ್ಡಿಗೆ ಅಂತ ಬೇರೆ ಆಳು ಇರಲೇ ಇಲ್ಲ. ಅಲ್ಲಲ್ಲಿ ಬರುವ ಕೀಬೋರ್ಡ್ ಟೆಂಪೆಸ್ಟ್ ಅವರೇ ನುಡಿಸಿದ್ದು.

ಟೆಂಪೆಸ್ಟ್ ಹುಟ್ಟಿದ್ದು 1963ರ ಆಗಸ್ಟ್‌ನಲ್ಲಿ, ನೋರುಮ್ 1964ರ ಫೆಬ್ರವರಿಯಲ್ಲಿ. ಅಂದರೆ ಇಬ್ಬರಿಗೂ ಆಗ ಹೆಚ್ಚುಕಡಿಮೆ ಹತ್ತೊಂಬತ್ತು. ಆ ವಯಸ್ಸಿನಲ್ಲಿ ಹೀಗೆ ನುಡಿಸುವುದು ಸುಮ್ನೆ ಮಾತಲ್ಲ.

ಕೇಳಿದವರು ಇದ್ದರೆ ಬರೆಯಿರಿ. ಕೇಳದವರು ಮೊದಲು ಕೇಳಿ, ಆಮೇಲೆ ಬೈಯಿರಿ.

ಹೊಸಕಿವಿ

ರಘು ಸರ್, ನಾನು 'ಫೈನಲ್ ಕೌಂಟ್‌ಡೌನ್' ಮತ್ತು 'ಕ್ಯಾರಿ' ಬಿಟ್ಟು ಇವರದ್ದು ಏನೂ ಕೇಳಿಲ್ಲ. ಇವರು ಯಾವುದೋ ಸ್ಪರ್ಧೆ ಗೆದ್ದು ಈ ಆಲ್ಬಮ್ ಮಾಡಿದರು ಅಂತ ಎಲ್ಲೋ ಓದಿದ್ದೆ. ಅದೇನು ಕಥೆ? ಮತ್ತೆ, ಮೊದಲು ಯಾವ ಹಾಡು ಕೇಳಲಿ?

ರಘು_ಸ್ಟ್ರಾಟ್

ಹೌದು, ಅದು ನಿಜ. ಬ್ಯಾಂಡ್ ಶುರುವಾಗಿದ್ದು 1979ರಲ್ಲಿ, ಸ್ಟಾಕ್‌ಹೋಮಿನ ಉತ್ತರಕ್ಕಿರುವ ಉಪ್‌ಲಾಂಡ್ಸ್ ವೇಸ್ಬಿ ಅನ್ನುವ ಊರಲ್ಲಿ. ಆಗಿನ ಹೆಸರು 'ಫೋರ್ಸ್'. ಡೆಮೊ ಟೇಪುಗಳನ್ನು ರೆಕಾರ್ಡ್ ಕಂಪನಿಗಳಿಗೆ ಕಳಿಸಿದರು. ಬಂದ ಉತ್ತರ: ಕೂದಲು ಕತ್ತರಿಸಿಕೊಳ್ಳಿ, ಸ್ವೀಡಿಷ್‌ನಲ್ಲಿ ಹಾಡಿ, ಆಮೇಲೆ ನೋಡೋಣ. ಇವರು ಎರಡೂ ಮಾಡಲಿಲ್ಲ.

1982ರಲ್ಲಿ 'ರಾಕ್-ಎಸ್‌ಎಂ' ಅಂತ ದೇಶದ ಮಟ್ಟದ ಬ್ಯಾಂಡ್ ಸ್ಪರ್ಧೆ ನಡೆಯಿತು. ಇವರ ಹೆಸರು ಕೊಟ್ಟಿದ್ದು ಟೆಂಪೆಸ್ಟ್ ಅವರ ಆಗಿನ ಗೆಳತಿ. ಸುಮಾರು 4,000 ಬ್ಯಾಂಡುಗಳು ಇದ್ದವು ಅನ್ನುತ್ತಾರೆ. ಇವರು 'ಇನ್ ದ ಫ್ಯೂಚರ್ ಟು ಕಮ್' ಮತ್ತು 'ದ ಕಿಂಗ್ ವಿಲ್ ರಿಟರ್ನ್' ನುಡಿಸಿ ಗೆದ್ದರು. ಜೊತೆಗೆ ಟೆಂಪೆಸ್ಟ್‌ಗೆ ಒಳ್ಳೆಯ ಗಾಯಕ, ನೋರುಮ್‌ಗೆ ಒಳ್ಳೆಯ ಗಿಟಾರಿಸ್ಟ್ ಅಂತ ಬೇರೆ ಬಹುಮಾನ. ಗೆದ್ದವರಿಗೆ ಸಿಕ್ಕಿದ್ದು 'ಹಾಟ್ ರೆಕಾರ್ಡ್ಸ್' ಜೊತೆ ಆಲ್ಬಮ್ ಒಪ್ಪಂದ. ಹೆಸರು 'ಯೂರೋಪ್' ಆಗಿದ್ದೂ ಆ ಹೊತ್ತಿಗೇ.

ಮೊದಲು ಆ ಎರಡು ಹಾಡು ಕೇಳಿ. ಎರಡೂ ಈ ಆಲ್ಬಮ್‌ನಲ್ಲಿವೆ. ಆಮೇಲೆ 'ಸೆವೆನ್ ಡೋರ್ಸ್ ಹೋಟೆಲ್'.

ಕ್ಯಾಸೆಟ್‌ಪೆಟ್ಟಿಗೆ

ರಘು ಅವರೇ, ಬೇಜಾರು ಮಾಡಿಕೊಳ್ಳಬೇಡಿ. ನಾನು ಇದನ್ನು ಪೂರ್ತಿ ಕೇಳಿದ್ದೇನೆ, ಒಂದಲ್ಲ, ಹಲವು ಸಲ. ನನಗೆ ಇದು ಹಸಿ ಹಸಿ ಅನ್ನಿಸುತ್ತದೆ. ರೆಕಾರ್ಡಿಂಗ್ ತೆಳು. ಡ್ರಮ್ಸಿನಲ್ಲಿ ದಪ್ಪ ಇಲ್ಲ. ಟೆಂಪೆಸ್ಟ್ ಗಂಟಲು ಇನ್ನೂ ಹದಕ್ಕೆ ಬಂದಿಲ್ಲ, ಮೇಲಿನ ಸ್ವರ ಹಿಡಿಯುವಾಗ ಗಂಟಲು ಬಿಗಿಯಾಗುತ್ತದೆ. ಮಾತುಗಳಂತೂ ರಾಜ, ಭವಿಷ್ಯ, ಬೀಳ್ಕೊಡುಗೆ, ನೆನಪು ಅಂತ ಎಲ್ಲ ಕಡೆ ಸಿಗುವ ಸರಕು.

'ಫೈನಲ್ ಕೌಂಟ್‌ಡೌನ್' ಆಲ್ಬಮ್ಮಿಗೆ ಕೆವಿನ್ ಎಲ್ಸನ್ ಪ್ರೊಡ್ಯೂಸರ್. ಜರ್ನಿ ಬ್ಯಾಂಡಿನ ಜೊತೆ ಕೆಲಸ ಮಾಡಿದವರು. ಅಲ್ಲಿ ಪ್ರತಿ ವಾದ್ಯಕ್ಕೂ ಅದರದ್ದೇ ಜಾಗ ಇದೆ. ಹಾಡುಗಳು ಕಟ್ಟಿದ ಹಾಗೆ ನಿಲ್ಲುತ್ತವೆ. ಜಗತ್ತು ಅದನ್ನೇ ಮೆಚ್ಚಿದ್ದರಲ್ಲಿ ಏನು ತಪ್ಪು? 25 ದೇಶಗಳಲ್ಲಿ ನಂಬರ್ ಒನ್ ಆದ ಹಾಡು ಅದು. ಬೇರೆ ಎಲ್ಲ ಪಕ್ಕಕ್ಕಿಡಿ, ಜನ ದಡ್ಡರಲ್ಲ.

ಬೇಸ್‌ಬಸು

ಜನ ದಡ್ಡರು ಅಂತ ಯಾರೂ ಹೇಳಿಲ್ಲರೀ. ಆದರೆ ತೆಳು ಅನ್ನುವುದಕ್ಕೆ ನನ್ನ ತಕರಾರಿದೆ. ಲೆವೆನ್ ಬೇಸ್ ಹಿಡಿದು ಕೇಳಿ. ಆ ಕೆಳಗಿನ ಸಾಲು ಸುಮ್ಮನೆ ಗಿಟಾರಿನ ಹಿಂದೆ ಓಡುವುದಿಲ್ಲ. ದೊಡ್ಡ ಪ್ರೊಡಕ್ಷನ್ ಬಂದ ಮೇಲೆ ಆ ಬೇಸ್ ಕೀಬೋರ್ಡಿನ ಅಡಿಯಲ್ಲಿ ಹೂತು ಹೋಯಿತು.

ಲೆವೆನ್ ಬಗ್ಗೆ ಒಂದು ಮಾತು ಹೇಳಿಬಿಡುತ್ತೇನೆ. 1981ರಲ್ಲಿ ಹಳೆಯ ಬೇಸಿಸ್ಟ್ ಪೀಟರ್ ಓಲ್ಸನ್ ಬಿಟ್ಟಾಗ ಇವರು ಬಂದರು. ಕೆಲವೇ ತಿಂಗಳಲ್ಲಿ ಗಿಟಾರಿಸ್ಟ್ ಇಂಗ್ವೆ ಮಾಲ್ಮ್‌ಸ್ಟೀನ್ ಅವರ ಬ್ಯಾಂಡಿಗೆ ಹೋದರು. ಆ ಕಡೆಯ ಬೇಸಿಸ್ಟ್ ಮಾರ್ಸೆಲ್ ಯಾಕೋಬ್ ಈ ಕಡೆ ಬಂದರು. ಮೂರು ತಿಂಗಳಿಗೆ ಇಬ್ಬರೂ ವಾಪಸ್ ಅವರವರ ಜಾಗಕ್ಕೆ. ಸ್ಟಾಕ್‌ಹೋಮ್ ಸುತ್ತಮುತ್ತ ಆಗ ಹಾರ್ಡ್ ರಾಕ್ ನುಡಿಸುವ ಹುಡುಗರೆಲ್ಲ ಒಬ್ಬರಿಗೊಬ್ಬರು ಎಷ್ಟು ಹತ್ತಿರ ಇದ್ದರು ಅನ್ನುವುದು ಇದರಲ್ಲೇ ಗೊತ್ತಾಗುತ್ತದೆ. ಯಾಕೋಬ್ ಆ ಮೂರು ತಿಂಗಳಲ್ಲಿ ಬಂದು ಹೋಗಿದ್ದು ವ್ಯರ್ಥವಾಗಲಿಲ್ಲ. ಎರಡನೇ ಆಲ್ಬಮ್ಮಿನ 'ಸ್ಕ್ರೀಮ್ ಆಫ್ ಆಂಗರ್' ಹಾಡಿನಲ್ಲಿ ಅವರ ಹೆಸರೂ ಇದೆ.

ಸ್ಟಾಕ್‌ಹೋಮ್‌ಕನ್ನಡತಿ

ಈ ಥ್ರೆಡ್ ನೋಡಿ ತುಂಬ ಖುಷಿಯಾಯಿತು. ನಾನು ಇರುವುದು ಸ್ಟಾಕ್‌ಹೋಮ್ ಕಡೆ. ಉಪ್‌ಲಾಂಡ್ಸ್ ವೇಸ್ಬಿ ಬಗ್ಗೆ ಸ್ವಲ್ಪ ಬರೆಯುತ್ತೇನೆ. ಆ ಊರು ಗೊತ್ತಾದರೆ ಆಲ್ಬಮ್ ಬೇರೆ ಥರ ಕೇಳಿಸುತ್ತದೆ.

ಅರ್ಲಾಂಡಾ ಏರ್‌ಪೋರ್ಟ್ ಕಡೆಗೆ ಹೋಗುವ ದಾರಿಯಲ್ಲಿ ಬರುವ ಊರು ಅದು. ಸ್ಟಾಕ್‌ಹೋಮಿಗೆ ದಿನಾ ಲೋಕಲ್ ಟ್ರೈನಿನಲ್ಲಿ ಹೋಗಿ ಬರುವ ಜನರ ಊರು. ಸ್ವೀಡನ್ ಸರ್ಕಾರ 1965ರಿಂದ 1974ರೊಳಗೆ ಹತ್ತು ಲಕ್ಷ ಮನೆ ಕಟ್ಟುವ ದೊಡ್ಡ ಯೋಜನೆ ಹಾಕಿಕೊಂಡಿತ್ತು. ಸ್ಟಾಕ್‌ಹೋಮಿನ ಸುತ್ತ ಇಂಥ ಊರುಗಳು ಬೆಳೆದಿದ್ದು ಆ ಕಾಲದಲ್ಲಿ. ನೋಡಲು ವಿಶೇಷ ಏನೂ ಇಲ್ಲ. ಅಪಾರ್ಟ್‌ಮೆಂಟುಗಳು, ಸ್ಟೇಷನ್, ಅಂಗಡಿ ಸಾಲು, ಅದರಾಚೆ ಕಾಡು. ಆದರೆ ಇಂಥ ಊರಿನಿಂದಲೇ ಯೂರೋಪ್ ಬಂದಿತು. ಡೂಮ್ ಮೆಟಲ್ (ನಿಧಾನದ, ಭಾರವಾದ ಮೆಟಲ್) ಕೇಳುವವರಿಗೆಲ್ಲ ಗೊತ್ತಿರುವ ಕ್ಯಾಂಡಲ್‌ಮಾಸ್ ಕೂಡ ಈ ಕಡೆಯದ್ದೇ. ಆಮೇಲೆ ಹೀಟ್ ಅನ್ನುವ ಬ್ಯಾಂಡ್ ಬಂತು.

ಇದು ಹೇಗೆ ಸಾಧ್ಯ ಅಂತ ನಾನೂ ಇಲ್ಲಿಯವರನ್ನು ಕೇಳುತ್ತಿದ್ದೆ. ಎರಡು ಕಾರಣ ಎಲ್ಲರೂ ಹೇಳುತ್ತಾರೆ. ಒಂದು, ಊರ ಆಡಳಿತವೇ ನಡೆಸುವ ಸಂಗೀತ ಶಾಲೆಗಳು. ಕಡಿಮೆ ಫೀಸಿನಲ್ಲಿ ಯಾವ ಮಗು ಬೇಕಾದರೂ ವಾದ್ಯ ಕಲಿಯಬಹುದು. ಎರಡು, ಅಧ್ಯಯನ ಸಂಘಗಳು. ಓದುವ ಗುಂಪು, ಹೊಲಿಗೆ ಕಲಿಯುವ ಗುಂಪು ಇದ್ದ ಹಾಗೆ ನಾಲ್ಕು ಹುಡುಗರು ಸೇರಿದ ರಾಕ್ ಬ್ಯಾಂಡೂ ಒಂದು ಗುಂಪು ಅಂತಲೇ ಲೆಕ್ಕ. ಪ್ರಾಕ್ಟೀಸ್ ಮಾಡಲು ಕೋಣೆ ಸಿಗುತ್ತದೆ. ಇದಕ್ಕೆ ಸರ್ಕಾರದ ದುಡ್ಡು ಬರುತ್ತದೆ. ಚಳಿಗಾಲದಲ್ಲಿ ಮಧ್ಯಾಹ್ನ ಮೂರಕ್ಕೆ ಕತ್ತಲಾಗುವ ಊರಿನಲ್ಲಿ ಬೆಚ್ಚಗಿನ ಕೋಣೆ ಮತ್ತು ಆಂಪ್ಲಿಫೈಯರ್ ಸಿಕ್ಕರೆ ಹುಡುಗರು ಇನ್ನೇನು ಮಾಡುತ್ತಾರೆ ಹೇಳಿ.

ಇನ್ನು ಸ್ವೀಡಿಷ್‌ನಲ್ಲಿ ಹಾಡಿ ಅಂದರಲ್ಲ, ಅದಕ್ಕೂ ಹಿನ್ನೆಲೆ ಇದೆ. 70ರ ದಶಕದಲ್ಲಿ ಇಲ್ಲಿ 'ಪ್ರೊಗ್' ಅನ್ನುವ ದೊಡ್ಡ ಚಳವಳಿ ಇತ್ತು. ನಾವು ಪ್ರೋಗ್ರೆಸಿವ್ ರಾಕ್ ಅನ್ನುವುದು ಬೇರೆ, ಇದು ಬೇರೆ. ಹೂಲಾ ಬಂಡೂಲಾ ಬ್ಯಾಂಡ್, ನ್ಯಾಷನಲ್‌ತಿಯಾಟರ್ನ್ ಇವರೆಲ್ಲ ಎಡಪಂಥದವರು. ಹಾಡು ಜನರ ಭಾಷೆಯಲ್ಲಿರಬೇಕು, ಮಾರಾಟಕ್ಕೆ ಇರಬಾರದು ಅನ್ನುವ ನಿಲುವು. 1974ರಲ್ಲಿ ಇಲ್ಲಿಯ ಪಾಪ್ ಬ್ಯಾಂಡ್ ಅಬ್ಬಾ ಯೂರೋವಿಷನ್ ಹಾಡಿನ ಸ್ಪರ್ಧೆ ಗೆದ್ದಿತು. ಮಾರನೇ ವರ್ಷ ಆ ಸ್ಪರ್ಧೆ ಸ್ಟಾಕ್‌ಹೋಮಿನಲ್ಲಿ ನಡೆದಾಗ ಪ್ರೊಗ್‌ನವರು ಅದರ ವಿರುದ್ಧವೇ ಪ್ರತಿಭಟನೆ ಮಾಡಿದರು. ಆಮೇಲೆ ಬಂದ ಪಂಕ್ ಕೂಡ, ಉದಾಹರಣೆಗೆ ಎಬ್ಬಾ ಗ್ರೋನ್, ಸ್ವೀಡಿಷ್‌ನಲ್ಲೇ ಹಾಡಿತು. 80ರ ಹೊತ್ತಿಗೆ ಹುಡುಗ ಹುಡುಗಿಯರು ಹುಚ್ಚರಾಗಿದ್ದು ಯುಲ್ಲೆನೆ ತೀದೆರ್ ಬ್ಯಾಂಡಿಗೆ. ಮುಂದೆ ರಾಕ್ಸೆಟ್ ಮಾಡಿದ ಪೇರ್ ಗೆಸ್ಲೆ ಅವರ ಬ್ಯಾಂಡ್ ಅದು. ಅದೂ ಸ್ವೀಡಿಷ್. ಹೀಗಿರುವಾಗ ಇಂಗ್ಲಿಷ್‌ನಲ್ಲಿ ಹಾಡುವ, ಉದ್ದ ಕೂದಲಿನ ಹಾರ್ಡ್ ರಾಕ್ ಹುಡುಗರು ಕಂಪನಿಯವರಿಗೆ ಯಾವ ಲೆಕ್ಕಕ್ಕೂ ಬರಲಿಲ್ಲ. ಆ ಸ್ಪರ್ಧೆ ಇಲ್ಲದಿದ್ದರೆ ಬಾಗಿಲು ತೆರೆಯುತ್ತಿರಲಿಲ್ಲ ಅಂತಲೇ ನನಗೆ ಅನ್ನಿಸುತ್ತದೆ.

ಡ್ರಮ್‌ದಿವಾಕರ

ಮೇಡಂ, ಇದು ಗೊತ್ತೇ ಇರಲಿಲ್ಲ. ತುಂಬ ಥ್ಯಾಂಕ್ಸ್. ಆದರೆ ಇವರಿಗಿಂತ ಮುಂಚೆಯೂ ಸ್ವೀಡನ್‌ನಲ್ಲಿ ಹೆವಿ ಮೆಟಲ್ ಇತ್ತಲ್ವಾ? ಹೆವಿ ಲೋಡ್?

ಸ್ಟಾಕ್‌ಹೋಮ್‌ಕನ್ನಡತಿ

ಇತ್ತು. ಹೆವಿ ಲೋಡ್ ಮೊದಲ ಆಲ್ಬಮ್ 1978ರದ್ದು, ಅದೂ ಇಂಗ್ಲಿಷ್‌ನಲ್ಲಿ. ಅದಕ್ಕೂ ಮುಂಚೆ 1970ರಲ್ಲೇ ನವೆಂಬರ್ ಅನ್ನುವ ಮೂವರ ಬ್ಯಾಂಡ್ ಸ್ವೀಡಿಷ್‌ನಲ್ಲಿ ಭಾರಿ ರಾಕ್ ನುಡಿಸಿತ್ತು. ಹಾಗಾಗಿ ಯೂರೋಪ್ ಮೊದಲಿಗರಲ್ಲ. ಆದರೆ ದೇಶದ ಚಾರ್ಟಿನಲ್ಲಿ ಮೇಲೆ ಬಂದು, ಈ ಥರದ ಸಂಗೀತ ಇಲ್ಲೂ ಮಾರಾಟವಾಗುತ್ತದೆ ಅಂತ ತೋರಿಸಿದ್ದು ಇವರ ಮೊದಲ ಆಲ್ಬಮ್. ಸ್ವೀಡನ್ ಚಾರ್ಟಿನಲ್ಲಿ 8ನೇ ಸ್ಥಾನಕ್ಕೆ ಹೋಗಿತ್ತು.

ರಘು_ಸ್ಟ್ರಾಟ್

ಅಕ್ಕ, ನೀವು ಬರೆದದ್ದು ನನ್ನ ಮಾತಿಗೆ ಬಲ ಕೊಟ್ಟಿತು.

ಕ್ಯಾಸೆಟ್‌ಪೆಟ್ಟಿಗೆ ಸರ್‌ಗೆ ಉತ್ತರ ಕೊಡಬೇಕು. ಮೊದಲು ಮಾತುಗಳ ವಿಚಾರ. ಅವು ದೊಡ್ಡ ಕಾವ್ಯ ಅಂತ ನಾನು ಹೇಳುವುದಿಲ್ಲ. ಆದರೆ ಅದರಲ್ಲಿ ಆ ವಯಸ್ಸಿನ ಹುಡುಗನ ಆಸೆ ಇದೆ. 'ಸೆವೆನ್ ಡೋರ್ಸ್ ಹೋಟೆಲ್' ಒಂದು ಇಟಾಲಿಯನ್ ಹಾರರ್ ಸಿನಿಮಾ ನೋಡಿ ಬರೆದ ಹಾಡು. 1981ರ ಸಿನಿಮಾ, ಲೂಚಿಯೊ ಫುಲ್ಚಿ ನಿರ್ದೇಶನ. ನರಕದ ಏಳು ಬಾಗಿಲುಗಳಲ್ಲಿ ಒಂದರ ಮೇಲೆ ಕಟ್ಟಿದ ಹೋಟೆಲಿನ ಕಥೆ. ಸಿನಿಮಾ ನೋಡಿ ಬಂದ ಹುಡುಗ ಅದನ್ನೇ ಹಾಡು ಮಾಡಿದ್ದಾನೆ. ನನಗೆ ಅದು ಇಷ್ಟ. ಹಾಡಿನಲ್ಲಿ ಭಯಕ್ಕಿಂತ ಉತ್ಸಾಹ ಜಾಸ್ತಿ.

ಈಗ ಗಿಟಾರ್. ಇಲ್ಲಿ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಬಿಡಬೇಡಿ.

ನೋರುಮ್ ಅವರ ಗುರುಗಳು ಯಾರು ಅಂತ ಕೇಳಿದರೆ ಗೊತ್ತಾಗಿಬಿಡುತ್ತದೆ. ಥಿನ್ ಲಿಜ್ಜಿ, ಗ್ಯಾರಿ ಮೂರ್, ಯುಎಫ್‌ಒ ಬ್ಯಾಂಡಿನಲ್ಲಿದ್ದ ಮೈಕೆಲ್ ಶೆಂಕರ್. ಈ ಮೂರೂ ಕಡೆಯಿಂದ ಬಂದಿದ್ದು ಒಂದೇ ಗುಣ: ಸೋಲೊ ಅಂದರೆ ಬೆರಳಿನ ವೇಗ ತೋರಿಸುವ ಜಾಗ ಅಲ್ಲ, ಹಾಡುವ ಜಾಗ. ಫೋರ್ಸ್ ಅನ್ನುವ ಹಳೆಯ ಹೆಸರೂ ಯುಎಫ್‌ಒದ ಒಂದು ಆಲ್ಬಮ್ ಹೆಸರಿನಿಂದಲೇ ಬಂದದ್ದು.

'ದ ಕಿಂಗ್ ವಿಲ್ ರಿಟರ್ನ್' ಕೇಳಿ. ಆತುರವಿಲ್ಲ. ಸೋಲೊದಲ್ಲಿ ಒಂದು ಸ್ವರ ಹಿಡಿದರೆ ಅದನ್ನು ಎಳೆದು, ಕಂಪಿಸಿ, ಪೂರ್ತಿ ಬಳಸಿಕೊಂಡೇ ಮುಂದಿನದಕ್ಕೆ ಹೋಗುತ್ತಾರೆ. ಸ್ವರವನ್ನು ಅಲುಗಿಸುವ ಆ ಬೆರಳಿನ ಕೆಲಸವನ್ನು ಗಿಟಾರಿಸ್ಟುಗಳು ವೈಬ್ರಾಟೊ ಅನ್ನುತ್ತಾರೆ. ನಾನು ಗಿಟಾರ್ ಹೇಳಿಕೊಡುತ್ತೇನೆ. ವೇಗ ಒಂದೆರಡು ವರ್ಷದಲ್ಲಿ ಬರುತ್ತದೆ. ವೈಬ್ರಾಟೊ ಹಾಗೆ ಬರುವುದಿಲ್ಲ. ಅದು ಕೈಗಿಂತ ಮೊದಲು ಕಿವಿಗೆ ಬರಬೇಕು. ಹತ್ತೊಂಬತ್ತರ ಹುಡುಗನಿಗೆ ಅದು ಆಗಲೇ ಬಂದಿತ್ತು.

ಆಮೇಲೆ 'ಬೋಯಾಝೋಂಟ್'. ಮಾತಿಲ್ಲದ, ಬರೀ ವಾದ್ಯಗಳ ತುಣುಕು. ಇದು ನೋರುಮ್ ಮತ್ತು ಎಡ್ಡಿ ಮೆಡೂಝಾ ಸೇರಿ ಕಟ್ಟಿದ್ದು. ಮೆಡೂಝಾ ಸ್ವೀಡನ್‌ನಲ್ಲಿ ತುಂಬ ಹೆಸರಿದ್ದ ರಾಕ್ ಗಾಯಕ. ನೋರುಮ್ ಚಿಕ್ಕ ವಯಸ್ಸಿನಲ್ಲೇ ಅವರ ಬ್ಯಾಂಡಿನಲ್ಲಿ ಗಿಟಾರ್ ನುಡಿಸಿದ್ದರು. ಒಬ್ಬ ಗಾಯಕ ಬರೆದ ಹಾಡುಗಳಿಂದಲೇ ತುಂಬಿದ ಆಲ್ಬಮ್ಮಿನ ನಟ್ಟನಡುವೆ ಗಿಟಾರಿಸ್ಟ್‌ಗೆ ಒಂದು ಪೂರ್ತಿ ಜಾಗ ಬಿಟ್ಟುಕೊಟ್ಟಿದ್ದಾರೆ. ಇಬ್ಬರೂ ಸರಿಸಮ ಅನ್ನುವ ನಂಬಿಕೆ ಇದ್ದಾಗ ಮಾತ್ರ ಹಾಗೆ ಮಾಡುತ್ತಾರೆ.

ಡ್ರಮ್‌ದಿವಾಕರ

ಟೋನಿ ರೆನೋ ಪರವಾಗಿ ನಾನೊಂದು ಮಾತು ಹೇಳುತ್ತೇನೆ, ಯಾಕೆಂದರೆ ಅವರ ಬಗ್ಗೆ ಯಾರೂ ಮಾತಾಡುವುದಿಲ್ಲ. 'ಇನ್ ದ ಫ್ಯೂಚರ್ ಟು ಕಮ್' ಓಡುವುದು ಅವರಿಂದ. ಡ್ರಮ್ಸ್ ಸದ್ದು ದಪ್ಪ ಇಲ್ಲ, ಒಪ್ಪುತ್ತೇನೆ. ಅದು ಸ್ಟುಡಿಯೋದ ವಿಚಾರ. ನುಡಿಸಿದ್ದರಲ್ಲಿ ಕೊರತೆ ಇಲ್ಲ. ಎರಡನೇ ಆಲ್ಬಮ್ ಆದ ಮೇಲೆ ಅವರನ್ನು ಬಿಡಿಸಿ ಇಯಾನ್ ಹೌಗ್‌ಲಾಂಡ್ ಅವರನ್ನು ತಂದರು. ಹೌಗ್‌ಲಾಂಡ್ ಗಟ್ಟಿ ಕೈ, ದೊಡ್ಡ ಸ್ಟೇಜಿಗೆ ಸರಿ. ಆದರೆ ಈ ಆಲ್ಬಮ್ಮಿನ ಹಗುರ ಓಟ ಮತ್ತೆ ಬರಲಿಲ್ಲ.

ಹೊಸಕಿವಿ

ಕೇಳಿದೆ! ಎರಡು ಹಾಡೂ ಕೇಳಿ, ಆಮೇಲೆ ಪೂರ್ತಿ ಆಲ್ಬಮ್ ಹಾಕಿದೆ. 'ಮೆಮರೀಸ್' ಕೊನೆಗೆ ಬರುತ್ತದಲ್ಲ, ಅದು ನನಗೆ ಭಾರಿ ಹಿಡಿಸಿತು. 'ವರ್ಡ್ಸ್ ಆಫ್ ವಿಸ್ಡಮ್' ಮೆಲ್ಲಗಿದೆ, ಅದರಲ್ಲಿ ಮುಂದೆ ಬರುವ 'ಕ್ಯಾರಿ' ಗಾಯಕ ಕೇಳಿಸುತ್ತಾನೆ. 'ಪ್ಯಾರಡೈಸ್ ಬೇ' ಅಷ್ಟಕ್ಕಷ್ಟೇ.

ಒಂದು ಪ್ರಶ್ನೆ. ಇದು ಸ್ವೀಡನ್ ಬಿಟ್ಟು ಬೇರೆ ಎಲ್ಲಾದರೂ ಓಡಿತಾ?

ಬೇಸ್‌ಬಸು

ಜಪಾನಿನಲ್ಲಿ. 'ಸೆವೆನ್ ಡೋರ್ಸ್ ಹೋಟೆಲ್' ಅಲ್ಲಿ ಟಾಪ್ 10ಕ್ಕೆ ಹೋಯಿತು. ಅಮೆರಿಕ, ಇಂಗ್ಲೆಂಡ್ ಇವರ ಕಡೆ ತಿರುಗಿಯೂ ನೋಡದಿದ್ದಾಗ ಜಪಾನಿನವರು ಎತ್ತಿಕೊಂಡರು.

ಇದರಲ್ಲಿ ಆಶ್ಚರ್ಯ ಇಲ್ಲ. ಯೂರೋಪ್ ಖಂಡದ ಹಾರ್ಡ್ ರಾಕ್ ಬ್ಯಾಂಡುಗಳನ್ನು ಜಪಾನ್ ಮೊದಲಿನಿಂದಲೂ ಪ್ರೀತಿಯಿಂದ ಕೇಳಿದೆ. ಡೀಪ್ ಪರ್ಪಲ್ ತಮ್ಮ ಹೆಸರಾಂತ ಲೈವ್ ಆಲ್ಬಮ್ ರೆಕಾರ್ಡ್ ಮಾಡಿದ್ದು 1972ರಲ್ಲಿ ಒಸಾಕಾ ಮತ್ತು ಟೋಕಿಯೋದಲ್ಲಿ. ಜರ್ಮನಿಯ ಸ್ಕಾರ್ಪಿಯನ್ಸ್ 1978ರಲ್ಲಿ ಟೋಕಿಯೋದಲ್ಲಿ ಮಾಡಿದರು. ಗಟ್ಟಿ ಗಿಟಾರ್, ಅದರ ಮೇಲೆ ಒಳ್ಳೆಯ ರಾಗ, ಸ್ವಲ್ಪ ದುಃಖದ ಛಾಯೆ. ಇದು ಅಲ್ಲಿಯ ಕಿವಿಗೆ ಹಿಡಿಸುತ್ತದೆ. ಯೂರೋಪ್ ಮೊದಲ ಆಲ್ಬಮ್ ಅಂದರೆ ಇದೇ ಅಲ್ವಾ?

ಕ್ಯಾಸೆಟ್‌ಪೆಟ್ಟಿಗೆ

ಸರಿ. ಗಿಟಾರ್ ಬಗ್ಗೆ ರಘು ಹೇಳಿದ್ದಕ್ಕೆ ನನ್ನ ವಿರೋಧ ಇಲ್ಲ. ನೋರುಮ್ ದೊಡ್ಡ ಆಟಗಾರ, ಅದು ಯಾರಿಗೂ ಗೊತ್ತಾಗುತ್ತದೆ. ನನ್ನ ಪ್ರಶ್ನೆ ಬೇರೆ. ಒಂದು ಬ್ಯಾಂಡ್ ಬೆಳೆಯಬಾರದಾ? ಕೀಬೋರ್ಡ್ ತಂದರು, ಹಾಡುಗಳು ಅಗಲವಾದವು, ಜಗತ್ತಿಗೆ ತಲುಪಿದವು. ಅದನ್ನು ಬೆಳವಣಿಗೆ ಅನ್ನದೆ ನಷ್ಟ ಅನ್ನುವುದು ಏಕೆ? ನಾಲ್ಕು ಜನ ಇದ್ದಾಗಲೇ ಚೆನ್ನಾಗಿತ್ತು ಅನ್ನುವ ಮಾತು ಪ್ರತಿ ಬ್ಯಾಂಡಿನ ಬಗ್ಗೆಯೂ ಕೇಳಿದ್ದೇನೆ.

ರಘು_ಸ್ಟ್ರಾಟ್

ಇದು ಒಳ್ಳೆಯ ಪ್ರಶ್ನೆ ಸರ್. ನನ್ನ ಉತ್ತರ ಒಂದು ಸಂಗತಿಯಿಂದ ಶುರುವಾಗುತ್ತದೆ.

'ಫೈನಲ್ ಕೌಂಟ್‌ಡೌನ್' ಕೀಬೋರ್ಡ್ ಟ್ಯೂನ್ 1986ರಲ್ಲಿ ಹುಟ್ಟಿದ್ದಲ್ಲ. ಟೆಂಪೆಸ್ಟ್ ಅದನ್ನು 1981-82ರ ಹೊತ್ತಿಗೇ ನುಡಿಸಿಟ್ಟುಕೊಂಡಿದ್ದರು. ಕೋರ್ಗ್ ಪಾಲಿಸಿಕ್ಸ್ ಅನ್ನುವ ಸಿಂಥಸೈಜರ್ ಮೇಲೆ. ಅದನ್ನು ಮಿಕ್ ಮಿಕೇಲಿ ಹತ್ತಿರ ಕಡ ತಂದಿದ್ದರು. ಆ ಮಿಕೇಲಿ ಅವರೇ ಮುಂದೆ ಬ್ಯಾಂಡಿನ ಕೀಬೋರ್ಡ್ ವಾದಕರಾದರು. ಅಂದರೆ ನೋಡಿ, ಮೊದಲ ಆಲ್ಬಮ್ ರೆಕಾರ್ಡ್ ಮಾಡುವಾಗ ಆ ಟ್ಯೂನ್ ಆಗಲೇ ಟೆಂಪೆಸ್ಟ್ ಹತ್ತಿರ ಇತ್ತು. ಆದರೂ ಆಲ್ಬಮ್ ಗಿಟಾರಿನ ಮೇಲೆ ನಿಂತಿತು. ಗೊತ್ತಿಲ್ಲದೆ, ಬೇರೆ ದಾರಿ ಇಲ್ಲದೆ ಮಾಡಿದ ಆಲ್ಬಮ್ ಇದಲ್ಲ. ಆ ನಾಲ್ವರು ಅಂದು ಹೀಗೇ ಇರಬೇಕು ಅಂದುಕೊಂಡು ಮಾಡಿದ್ದು. ಅದಕ್ಕೇ ನಾನು ತಾಲೀಮು ಅನ್ನುವ ಮಾತನ್ನು ಒಪ್ಪುವುದಿಲ್ಲ.

ಮುಂದೆ ಏನಾಯಿತು ಅನ್ನುವುದೂ ಇದನ್ನೇ ಹೇಳುತ್ತದೆ. 1984ರಲ್ಲಿ ಎರಡನೇ ಆಲ್ಬಮ್ 'ವಿಂಗ್ಸ್ ಆಫ್ ಟುಮಾರೋ' ಬಂತು. ಅದರ 'ಓಪನ್ ಯುವರ್ ಹಾರ್ಟ್' ಕೇಳಿ ಸಿಬಿಎಸ್‌ನವರ ಎಪಿಕ್ ಲೇಬಲ್ 1985ರಲ್ಲಿ ಒಪ್ಪಂದ ಮಾಡಿಕೊಂಡಿತು. 1986ರಲ್ಲಿ ಆ ದೊಡ್ಡ ಹಾಡು. ಜಗತ್ತಿನ ಎಲ್ಲ ಕಡೆ ಇವರ ಮುಖ. ಅದೇ ವರ್ಷದ ಕೊನೆಯಲ್ಲಿ, ಬ್ಯಾಂಡ್ ಶಿಖರದ ಮೇಲಿರುವಾಗಲೇ, ನೋರುಮ್ ಬಿಟ್ಟು ಹೋದರು. ಗಿಟಾರ್ ಕೀಬೋರ್ಡಿನ ಹಿಂದೆ ಮುಳುಗಿಹೋಯಿತು ಅನ್ನುವುದು ಅವರ ಮುಖ್ಯ ತಕರಾರು. ಅವರ ಜಾಗಕ್ಕೆ ಕೀ ಮಾರ್ಸೆಲೊ ಬಂದರು. ನೋರುಮ್ 1987ರಲ್ಲಿ ತಮ್ಮದೇ ಸೋಲೊ ಆಲ್ಬಮ್ ತಂದರು.

ಮೊದಲ ಆಲ್ಬಮ್ ಕೇಳದವರಿಗೆ ಇದು ಹುಚ್ಚುತನ ಅನ್ನಿಸುತ್ತದೆ. ಅಷ್ಟು ದೊಡ್ಡ ಹೆಸರು, ದುಡ್ಡು ಬಿಟ್ಟು ಯಾರಾದರೂ ಹೋಗುತ್ತಾರಾ? ಕೇಳಿದವರಿಗೆ ಆ ಮನುಷ್ಯ ಅರ್ಥವಾಗುತ್ತಾರೆ. ಅವರು ಸೇರಿ ಕಟ್ಟಿದ ಬ್ಯಾಂಡ್ 1983ರದ್ದು. ಬೆಳವಣಿಗೆ ಬೇಡ ಅಂತಲ್ಲ ಸರ್. ಬೆಳೆಯುವಾಗ ಒಬ್ಬರ ಜಾಗ ಕಿರಿದಾಯಿತು. ಅದನ್ನು ಲೆಕ್ಕಕ್ಕೆ ಇಡಬೇಕು ಅಂತ ಮಾತ್ರ ಹೇಳುತ್ತೇನೆ.

ಸ್ಟಾಕ್‌ಹೋಮ್‌ಕನ್ನಡತಿ

ಇದಕ್ಕೆ ಒಂದು ಮಾತು ಸೇರಿಸುತ್ತೇನೆ. ನೋರುಮ್ ವಾಪಸ್ ಬಂದು ಬ್ಯಾಂಡ್ ಮತ್ತೆ ಕಟ್ಟಿದ ಮೇಲೆ 2004ರಲ್ಲಿ 'ಸ್ಟಾರ್ಟ್ ಫ್ರಂ ದ ಡಾರ್ಕ್' ಬಂತು. ಅದರಲ್ಲಿ ಗಿಟಾರ್ ಮತ್ತೆ ಮುಂದೆ ಬಂದು ಕೂತಿದೆ. ಮಿಕೇಲಿ ಇದ್ದಾರೆ, ಕೀಬೋರ್ಡ್ ಇದೆ, ಆದರೆ ಗಿಟಾರಿಗೆ ದಾರಿ ಬಿಟ್ಟಿದೆ. ಆಮೇಲಿನ ಆಲ್ಬಮ್ಮುಗಳೂ ಭಾರವಾಗಿವೆ. ಇಬ್ಬರೂ ಜೊತೆಗಿರುವುದು ಸಾಧ್ಯ ಅಂತ ಆಯಿತಲ್ಲ. ಹಾಗಾಗಿ ನನಗೆ ಕ್ಯಾಸೆಟ್‌ಪೆಟ್ಟಿಗೆ ಅವರ ಮಾತೂ ಸರಿ ಅನ್ನಿಸುತ್ತದೆ. ಕೀಬೋರ್ಡ್ ತಪ್ಪಲ್ಲ. ಅದು ಎಷ್ಟು ಅನ್ನುವುದೇ ವಿಚಾರ.

ಕ್ಯಾಸೆಟ್‌ಪೆಟ್ಟಿಗೆ

ಪಾಲಿಸಿಕ್ಸ್ ವಿಚಾರ ಒಳ್ಳೆಯ ಪಾಯಿಂಟ್, ರಘು. ಒಪ್ಪಿಕೊಳ್ಳುತ್ತೇನೆ. ರೆಕಾರ್ಡಿಂಗ್ ತೆಳು ಅನ್ನುವ ನನ್ನ ಮಾತು ಮಾತ್ರ ಹಾಗೇ ಇರಲಿ. 'ಚಿಲ್ಡ್ರನ್ ಆಫ್ ದಿಸ್ ಟೈಮ್' ಇನ್ನೊಂದು ಸ್ಟುಡಿಯೋದಲ್ಲಿ, ಇನ್ನೊಂದು ವರ್ಷ ಬಿಟ್ಟು ಮಾಡಿದ್ದರೆ ಎಲ್ಲಿಗೋ ಹೋಗುತ್ತಿತ್ತು.

ಬೇಸ್‌ಬಸು

'ಫೇರ್‌ವೆಲ್' ಬಗ್ಗೆ ಯಾರೂ ಬರೆದಿಲ್ಲ. ಎರಡನೇ ಹಾಡು. ಹೆಡ್‌ಫೋನ್ ಹಾಕಿ, ಬೇಸ್ ಸ್ವಲ್ಪ ಏರಿಸಿ ಕೇಳಿ. ಬೇರೆ ಏನೂ ಹೇಳುವುದಿಲ್ಲ.

ಹೊಸಕಿವಿ

ರಘು ಸರ್, ಮುಂದೆ 'ವಿಂಗ್ಸ್ ಆಫ್ ಟುಮಾರೋ' ಕೇಳಬೇಕು ಅಂತಿದ್ದೇನೆ. ಅದು ಇದರ ಹಾಗೇ ಇದೆಯಾ, ಇಲ್ಲಾ ಕೌಂಟ್‌ಡೌನ್ ಕಡೆಗಾ?

ರಘು_ಸ್ಟ್ರಾಟ್

ಎರಡರ ನಡುವೆ, ಆದರೆ ಇದರ ಕಡೆಗೇ ಜಾಸ್ತಿ. ಅಲ್ಲೂ ಗಿಟಾರ್ ಯಜಮಾನಿಕೆ ಇದೆ, ರೆಕಾರ್ಡಿಂಗ್ ಇದಕ್ಕಿಂತ ಗಟ್ಟಿ. ಪ್ರೊಡ್ಯೂಸರ್ ಲೀಫ್ ಮಾಸೆಸ್. ಮೊದಲ ಹಾಡು 'ಸ್ಟಾರ್ಮ್‌ವಿಂಡ್' ಇಂದಲೇ ಶುರು ಮಾಡಿ, ಜಿಗಿಯಬೇಡಿ. 'ಅಫೇಸಿಯಾ' ಅಂತ ಇನ್ನೊಂದು ವಾದ್ಯದ ತುಣುಕಿದೆ. ಅದನ್ನು 'ಬೋಯಾಝೋಂಟ್' ಪಕ್ಕದಲ್ಲಿಟ್ಟು ಕೇಳಿ, ಯಾವುದು ಹಿಡಿಸಿತು ಅಂತ ಇಲ್ಲೇ ಬರೆಯಿರಿ.